ಊಟಿಯ ಸಲಿವನ್ ಮತ್ತು ಮಹಾರಾಣಿಯವರ ಒಪ್ಪಂದದ ಸಲಿವನ್ ಒಬ್ಬನೇ?

ಕಪಿಲಾತೀರ:
ಹೋದ ತಿಂಗಳು ನಂಜನಗೂಡಿನಿಂದ ಅತ್ತೆ, ಮಾವ, ಮಕ್ಕಳೊಂದಿಗೆ ಊಟಿಗೆ ಹೋಗಿದ್ದೆ. ಮಳೆ ಬಿಡಲೇ ಇಲ್ಲ. ದೋಣಿ, ತೋಟ ಎಲ್ಲ ಕೈಬಿಟ್ಟು ಸೇಂಟ್ ಸ್ಟೀಫನ್ಸ್ ಚರ್ಚಿನೊಳಗೆ ಆಶ್ರಯ ಪಡೆದೆವು. ಅಲ್ಲಿದ್ದ ಹಿರಿಯರೊಬ್ಬರು ನಾವು ಮೈಸೂರು ಕಡೆಯವರೆಂದು ತಿಳಿದು ಮೇಲಿನ ತೊಲೆಗಳನ್ನು ತೋರಿಸಿ, "ಇವು ನಿಮ್ಮ ಶ್ರೀರಂಗಪಟ್ಟಣದವು, ಟಿಪ್ಪು ಅರಮನೆಯ ಮರ" ಎಂದರು. ಮಾವನವರು ಬಹಳ ಹೊತ್ತು ಕತ್ತೆತ್ತಿ ನೋಡುತ್ತಲೇ ಇದ್ದರು.

ಮಳೆ ನಿಂತ ಮೇಲೆ ಹಿಂದಿನ ಗುಡ್ಡದ ಸಮಾಧಿಗಳ ನಡುವೆ ಒಂದು ಗೋರಿ ಕಂಡಿತು. ಊಟಿಯನ್ನು ಕಟ್ಟಿದವನೆಂದು ಹೇಳುವ ಜಾನ್ ಸಲಿವನ್ನನ ಹೆಂಡತಿ ಮತ್ತು ಮಗಳದು. ಇಸವಿ 1838. ಗಂಡನದು ಮಾತ್ರ ಅಲ್ಲಿ ಇಲ್ಲ.

ಮಾವನವರು ನಿವೃತ್ತ ಇತಿಹಾಸದ ಮೇಷ್ಟರು. ಮೈಸೂರಿನ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲರಾಯರು ಇಂಗ್ಲಿಷರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿಯೂ ಜಾನ್ ಸಲಿವನ್ ಎಂಬ ಹೆಸರಿದೆ, ಇವನೇ ಅವನು ಎನ್ನುವುದು ಅವರ ವಾದ. ಮನೆಗೆ ಬಂದ ಮೇಲೂ ಊಟದ ಹೊತ್ತಿಗೆಲ್ಲ ಇದೇ ಮಾತು. ಬಲ್ಲವರು ಬಿಡಿಸಿ ಹೇಳಿದರೆ ನಮ್ಮ ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಅವನ ಸಂಸಾರ ಏನಾಯಿತು ಎನ್ನುವುದೂ ತಿಳಿಯಬೇಕು.

ಕಡತದ ಹುಳು:
ಮೇಷ್ಟರ ನೆನಪು ಸರಿ, ಮನುಷ್ಯ ಬೇರೆ. ಒಪ್ಪಂದ ಆದದ್ದು 1782ರ ಅಕ್ಟೋಬರಿನಲ್ಲಿ, ತಂಜಾವೂರಿನಲ್ಲಿ. ಸಹಿ ಹಾಕಿದವನು ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ಪ್ರತಿನಿಧಿ ಆಗಿದ್ದ ಜಾನ್ ಸಲಿವನ್. ನಡುವೆ ಮಾತು ದಾಟಿಸಿದವನು ಷ್ವಾರ್ಟ್ಸ್ ಪಾದ್ರಿ. ಆ ಸಲಿವನ್ 1749ರಲ್ಲಿ ಹುಟ್ಟಿ 1839ರಲ್ಲಿ ತೀರಿಕೊಂಡ. ಊರಿಗೆ ಮರಳಿ ಪಾರ್ಲಿಮೆಂಟಿಗೂ ಹೋದ.

ಊಟಿಯ ಸಲಿವನ್ ಹುಟ್ಟಿದ್ದು 1788ರ ಜೂನ್ 15ರಂದು, ಲಂಡನ್ನಿನಲ್ಲಿ. ಒಪ್ಪಂದಕ್ಕೆ ಆಗಲೇ ಆರು ವರ್ಷ ವಯಸ್ಸು. ಹದಿನಾರು ತುಂಬುವ ಹೊತ್ತಿಗೆ ಮದ್ರಾಸಿನಲ್ಲಿ ಕಂಪನಿಯ 'ರೈಟರ್', ಅಂದರೆ ಬರೆಯುವ ಗುಮಾಸ್ತನ ದರ್ಜೆಯ ಹುಡುಗ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ 1815ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಆದ. ವಯಸ್ಸು ಇಪ್ಪತ್ತೇಳು.

ಅವನಿಗೆ ಸಿಕ್ಕ ಜಿಲ್ಲೆ ಹೂವಿನ ಹಾಸಿಗೆ ಏನಲ್ಲ. ಹಿಂದಿನ ಕಲೆಕ್ಟರ್ ಗ್ಯಾರೋನ ಕಾಲದಲ್ಲಿ ಖಜಾನೆ ನೋಡಿಕೊಳ್ಳುತ್ತಿದ್ದ ಕಾಶಿ ಚೆಟ್ಟಿ ಎಂಬವನು ಜಿಲ್ಲೆಯನ್ನೇ ನುಂಗಿ ಕುಳಿತಿದ್ದ. ತನಿಖೆಗೆ ಕಂಪನಿ ನೇಮಿಸಿದ ಇಬ್ಬರು: ಥಾಮಸ್ ಮನ್ರೋ ಮತ್ತು ಈ ಸಲಿವನ್. ಮನ್ರೋ ಯಾರೆಂದು ನಮ್ಮವರಿಗೆ ಹೇಳಬೇಕಿಲ್ಲ, ಟಿಪ್ಪು ಮಡಿದ ಮೇಲೆ ಕೆನರಾದ ಮೊದಲ ಕಲೆಕ್ಟರ್, ರೈತವಾರಿ ಪದ್ಧತಿಯವನು. ಅಂಥವನ ಜೊತೆ ಕಡತ ತಿರುವಿದ ನಂಟು ಸಲಿವನ್ನನಿಗೆ ಮುಂದೆ ಕೈಹಿಡಿಯಿತು. ಮನ್ರೋ ಗವರ್ನರ್ ಆದ ಮೇಲೆ ಬೆಟ್ಟಕ್ಕೆ ರಸ್ತೆ, ಹಣ ಎಲ್ಲ ಸಲೀಸಾಗಿ ಬಂದದ್ದು ಸುಮ್ಮನೆ ಅಲ್ಲ.

ಮಾದಪ್ಪನ ಒಕ್ಕಲು:
ಕೊಯಮತ್ತೂರಿನ ಕಲೆಕ್ಟರ್ ಎಂದರೆ ಯಾರೋ ತಮಿಳು ಸೀಮೆಯ ಅಧಿಕಾರಿ ಎಂದು ಓದಿಕೊಂಡು ಹೋಗಬೇಡಿ. ನಮ್ಮ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಮರುವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮಲೆ ಮಹದೇಶ್ವರ ಬೆಟ್ಟ, ಶಿವನಸಮುದ್ರ, ಎಲ್ಲವೂ. ಅಂದರೆ ಈ ಸಲಿವನ್ ಊಟಿಯವರಿಗೆ ಆಗುವ ಮೊದಲೇ ನಮಗೆ ಕಲೆಕ್ಟರ್. ನಮ್ಮ ಹಿರೀಕರು ಕೊಟ್ಟ ಕಂದಾಯದ ಲೆಕ್ಕ ಅವನ ಕಚೇರಿಗೆ ಹೋಗುತ್ತಿತ್ತು.

ನಮ್ಮ ತಾತ ಗದ್ದೆಯ ವ್ಯಾಜ್ಯಕ್ಕೆಂದು ಬುತ್ತಿ ಕಟ್ಟಿಕೊಂಡು ಹಾಸನೂರು, ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮೇಲೆ ಕೊಯಮತ್ತೂರಿಗೆ ಹೋಗುತ್ತಿದ್ದರಂತೆ. ಹೋದವರು ಎಂಟು ದಿನಕ್ಕೆ ಬಂದರೆ ಪುಣ್ಯ. ಮನೆಯಲ್ಲಿ ಇಂದಿಗೂ ಏನಾದರೂ ಕೆಲಸ ತಡವಾದರೆ "ಏನು, ಕೊಯಮತ್ತೂರಿಗೆ ಹೋಗಿದ್ದೆಯಾ?" ಎಂದು ಕೇಳುತ್ತಾರೆ. ನನ್ನ ಮಗಳಿಗೆ ಆ ಮಾತಿನ ಅರ್ಥವೇ ತಿಳಿಯದು, ಆದರೂ ಬಳಸುತ್ತಾಳೆ.

ನೇರಮಾತು:
ಕ್ಷಮಿಸಿ, "ಊಟಿಯನ್ನು ಕಟ್ಟಿದ" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮನೆ ಕಟ್ಟಿದ ಎನ್ನಿ, ಒಪ್ಪುತ್ತೇನೆ. ವಿಷ್ಣುವರ್ಧನನ ದಂಡನಾಯಕ ಪುಣಿಸ ಆ ಬೆಟ್ಟದ ಎಮ್ಮೆ ಸಾಕುವ ತೊದವರನ್ನು ಬೆದರಿಸಿ ನೀಲಗಿರಿಯನ್ನು ಹಿಡಿದ ವಿಷಯ 1117ರ ಚಾಮರಾಜನಗರದ ಶಾಸನದಲ್ಲಿದೆ. ಆ ಬೆಟ್ಟದ ಹೆಸರು, ಅಲ್ಲಿದ್ದ ಜನರ ಹೆಸರು ಎರಡೂ ಕನ್ನಡ ಕಲ್ಲಿನ ಮೇಲೆ ಕೆತ್ತಿ ಏಳುನೂರು ವರ್ಷ ಆದ ಮೇಲೆ ಸಲಿವನ್ 'ಕಂಡುಹಿಡಿದ'ನೇ? ಅವನಿಗಿಂತ ಮೊದಲು ಬಿಳಿಯರೂ ಹೋಗಿದ್ದರು. 1603ರಲ್ಲಿ ಫೆನಿಚಿಯೋ ಎಂಬ ಜೆಸ್ವಿಟ್ ಪಾದ್ರಿ, 1812ರಲ್ಲಿ ಕೀಸ್ ಎಂಬ ಅಳತೆಗಾರ, 1818ರಲ್ಲಿ ಸಲಿವನ್ನನ ಕೈಕೆಳಗಿನ ವಿಷ್ ಮತ್ತು ಕಿಂಡರ್ಸ್ಲಿ. ಈ ಕೊನೆಯ ಇಬ್ಬರು ಹೊಗೆಸೊಪ್ಪಿನ ಕಳ್ಳಸಾಗಣೆದಾರರನ್ನು ಅಟ್ಟಿಸಿಕೊಂಡು ಮೇಲೆ ಹತ್ತಿದರು ಎಂಬ ಕಥೆಯೂ ಇದೆ. ಮಲಬಾರಿನಲ್ಲಿ ಹೊಗೆಸೊಪ್ಪು ಕಂಪನಿಯ ಏಕಸ್ವಾಮ್ಯ, ಕೊಯಮತ್ತೂರಿನಲ್ಲಿ ಅದರ ಬೆಳೆ. ಕದ್ದು ಸಾಗಿಸುವವರಿಗೆ ಬೆಟ್ಟವೇ ಹೆದ್ದಾರಿ.

ಒಂದೂರಿನ ಇತಿಹಾಸ ಯಾವಾಗಲೂ ಬಂಗಲೆ ಕಟ್ಟಿದವನಿಂದಲೇ ಏಕೆ ಶುರುವಾಗಬೇಕು?

ಕಡತದ ಹುಳು:
ನೇರಮಾತು ಅವರೇ, ಪುಣಿಸನನ್ನು ತಂದದ್ದಕ್ಕೆ ನಮಸ್ಕಾರ. ಆದರೆ ಪುಣಿಸ ಬೆದರಿಸಿ ಇಳಿದು ಬಂದ, ಸಲಿವನ್ ಹತ್ತಿ ಉಳಿದ. ವ್ಯತ್ಯಾಸ ಅಲ್ಲಿದೆ. 1819ರ ಜನವರಿಯಲ್ಲಿ ಅವನು ಮೊದಲ ಸಲ ಹತ್ತಿದ. ಆ ವರ್ಷ ಬೆಟ್ಟ ನೋಡಿದವರಲ್ಲಿ ಲೆಷೆನೋ ಎಂಬ ಫ್ರೆಂಚ್ ಸಸ್ಯವಿಜ್ಞಾನಿಯೂ ಒಬ್ಬ. ಬಯಲುಸೀಮೆಯ ಜ್ವರದಿಂದ ಹಣ್ಣಾಗಿದ್ದ ಆ ಮನುಷ್ಯ ಮೇಲಿನ ಗಾಳಿಗೆ ಚೇತರಿಸಿಕೊಂಡ. ಬೆಟ್ಟಕ್ಕೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಕಂಪನಿಯ ಸೈನಿಕರು, ಅಧಿಕಾರಿಗಳು ಸೆಕೆಗೆ, ಜ್ವರಕ್ಕೆ ಸಾಯುತ್ತಿದ್ದ ಕಾಲ ಅದು. ಆರೋಗ್ಯಧಾಮ ಬೇಕು ಎಂದು ಸಲಿವನ್ ಮದ್ರಾಸಿಗೆ ಪತ್ರದ ಮೇಲೆ ಪತ್ರ ಬರೆದ. ಮನ್ರೋಗೆ ಬರೆದ ಪತ್ರದಲ್ಲಿ ಇದು ಯೂರೋಪಿನ ಬೇರೆಲ್ಲ ನಾಡಿಗಿಂತ ಸ್ವಿಟ್ಜರ್ಲೆಂಡನ್ನು ಹೋಲುತ್ತದೆ ಎಂದಿದ್ದಾನೆ.

ಸಿರುಮುಗೈಯಿಂದ ಕೋಟಗಿರಿ ಕಡೆಗೆ ದಾರಿ 1823ರಲ್ಲಿ ಮುಗಿಯಿತು, ಮ್ಯಾಕ್‌ಫರ್ಸನ್ ಎಂಬ ಸೇನಾಧಿಕಾರಿಯ ಉಸ್ತುವಾರಿಯಲ್ಲಿ. ಅಷ್ಟರಲ್ಲಿ ಸಲಿವನ್ ಇನ್ನೂ ಮೇಲೆ, ತೊದವರ ಮಂದು, ಅಂದರೆ ಹಟ್ಟಿ ಇದ್ದ ಕಣಿವೆಗೆ ಕಣ್ಣು ಹಾಕಿಯಾಗಿತ್ತು. 1822ರಲ್ಲಿ ಅಲ್ಲಿ ಕಲ್ಲಿನ ಮನೆಗೆ ಕೈಹಾಕಿದ. ಸುತ್ತಲಿನ ಬಡಗರು ಅದನ್ನು 'ಕಲ್ ಬಂಗಲೆ' ಎಂದರು, ಇಂಗ್ಲಿಷರು ಅದನ್ನೇ ತಮ್ಮ ನುಡಿಗೆ ತಿರುಗಿಸಿ ಸ್ಟೋನ್ ಹೌಸ್ ಎಂದರು. ಈಗಲೂ ನಿಂತಿದೆ, ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿ, ಪ್ರಾಂಶುಪಾಲರ ಕಚೇರಿಯಾಗಿ. ಮುಂದಿನ ಕೆಲಸ ಹಳ್ಳಕ್ಕೆ ಒಡ್ಡು ಕಟ್ಟಿ ಕೆರೆ ಮಾಡಿಸಿದ್ದು. ನೀವು ದೋಣಿ ಹತ್ತದೆ ಬಂದ ಕೆರೆಯೇ ಅದು.

ತರಕಾರಿ ಮಂಡಿ:
ಆಲೂಗಡ್ಡೆಯನ್ನು ಬಿಟ್ಟಿರಲ್ಲ! ನಲವತ್ತು ವರ್ಷದಿಂದ ಊಟಿ ಕ್ಯಾರೆಟ್ಟು, ಊಟಿ ಆಲೂಗಡ್ಡೆ ಎಂದು ಕೂಗಿಕೊಂಡು ಮಾರಿದವನು ನಾನು. ಬಾರ್ಲಿ, ಆಲೂಗಡ್ಡೆ, ಸೇಬು, ಸ್ಟ್ರಾಬೆರಿ, ಇಂಗ್ಲಿಷ್ ತರಕಾರಿ ಬೀಜ, ಇವನ್ನೆಲ್ಲ ತಂದು ಆ ಮಣ್ಣಿಗೆ ಹಾಕಿಸಿದವನು ಈ ಕಲೆಕ್ಟರ್. ರಾಗಿ, ಸಾಮೆ ಬೆಳೆಯುತ್ತಿದ್ದ ಬಡಗರ ಹೊಲಗಳಿಗೆ ಆಲೂಗಡ್ಡೆ ಹೇಗೆ ಹಬ್ಬಿತೆಂದರೆ, ಈಗ ಅದಿಲ್ಲದ ಬೆಟ್ಟವನ್ನು ನೆನೆಯಲೂ ಆಗುವುದಿಲ್ಲ. ಚಹಾ ತಂದವನೂ ಅವನೇ ಎಂದು ನಮ್ಮ ಮಂಡಿಯಲ್ಲಿ ಹೇಳುತ್ತಾರೆ.

ಕಡತದ ಹುಳು:
ಚಹಾ ಮಾತ್ರ ಅವನ ಲೆಕ್ಕಕ್ಕೆ ಬರೆಯಬೇಡಿ ಯಜಮಾನರೇ. ಚಹಾದ ಪ್ರಯೋಗ ನಡೆದದ್ದು 1830ರ ದಶಕದಲ್ಲಿ, ಅವನು ಕಲೆಕ್ಟರ್ ಪದವಿ ಬಿಟ್ಟ ಮೇಲೆ. ಕೇತಿಯ ಸರ್ಕಾರಿ ತೋಟದಲ್ಲಿ ಪೆರೊಟೆ ಎಂಬ ಫ್ರೆಂಚ್ ಸಸ್ಯತಜ್ಞನ ಕೈಯಲ್ಲಿ. ತೋಟಗಳಾಗಿ ಬೆಟ್ಟ ತುಂಬಿದ್ದು 1860ರ ಈಚೆಗೆ. ಸಸ್ಯೋದ್ಯಾನವೂ ಅವನದಲ್ಲ, ಅದು 1848ರಲ್ಲಿ ಮ್ಯಾಕೈವರ್ ಬಂದು ಶುರುಮಾಡಿದ್ದು. ರೈಲು ಊಟಿ ಮುಟ್ಟಿದ್ದು 1908ರಲ್ಲಿ. ಒಬ್ಬನ ಹೆಸರು ದೊಡ್ಡದಾದರೆ ಊರಿನ ಒಳ್ಳೆಯದೆಲ್ಲ ಅವನ ಖಾತೆಗೇ ಜಮೆ ಆಗುತ್ತದೆ. ಬೆಂಗಳೂರಿನಲ್ಲಿ ಕೆರೆಗಳೆಲ್ಲ ಕೆಂಪೇಗೌಡರವೇ ಅಲ್ಲವೇ, ಹಾಗೆ.

ಹಟ್ಟಿಯವಳು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಬಡಗರವಳು, ಹುಟ್ಟಿದ್ದು ಕೋಟಗಿರಿಯ ಬಳಿ, ಈಗ ಬೆಂಗಳೂರಿನಲ್ಲಿ ಇದ್ದೇನೆ. ಎಲ್ಲರೂ ಊಟಿಯಿಂದ ಶುರುಮಾಡಿದ್ದೀರಿ. ಸಲಿವನ್ ಮೊದಲು ನೆಲೆಯೂರಿದ್ದು ನಮ್ಮ ಕಡೆ, ದಿಂಬಟ್ಟಿ ಮತ್ತು ಕನ್ನೇರಿಮುಕ್ಕಿನಲ್ಲಿ. ದಿಂಬಟ್ಟಿ ಎಂದರೆ ದಿಂಬಹಟ್ಟಿ, ಅದೇ ನಿಮ್ಮ ಹಟ್ಟಿಯೇ. ಕನ್ನೇರಿಮುಕ್ಕಿನಲ್ಲಿ 1819ರಲ್ಲಿ ಅವನು ಕಟ್ಟಿಸಿದ ಪೆತ್ತಕಲ್ ಬಂಗಲೆ ಬೆಟ್ಟದ ಮೊಟ್ಟಮೊದಲ ಇಂಗ್ಲಿಷ್ ಮನೆ, ಊಟಿಯ ಕಲ್ ಬಂಗಲೆಗಿಂತ ಮೂರು ವರ್ಷ ಹಿರಿಯದು. ನಾನು ಚಿಕ್ಕವಳಿದ್ದಾಗ ಅದು ಬಿದ್ದ ಗೋಡೆ, ಸೋರುವ ಮಾಡು. 2002ರಲ್ಲಿ ಜೀರ್ಣೋದ್ಧಾರ ಮಾಡಿ ಸಲಿವನ್ ಸ್ಮಾರಕ ಮಾಡಿದರು.

ನಾವು ಮೈಸೂರು ಸೀಮೆಯಿಂದ, ಬಡಗಣ ದಿಕ್ಕಿನಿಂದ ಬಂದವರು, ಅದಕ್ಕೇ ಬಡಗರು. ನಮ್ಮ ಹೆತ್ತೆ ಹಬ್ಬದ ಹೆಸರಿನಲ್ಲಿ ಹಬ್ಬ ಎಂಬ ಮಾತು ಹಾಗೆಯೇ ಉಳಿದಿದೆ. ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. 1890ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಲೂಕನ ಸುವಾರ್ತೆಯನ್ನು ನಮ್ಮ ನುಡಿಯಲ್ಲಿ ಅಚ್ಚು ಹಾಕಿದಾಗ ಬಳಸಿದ್ದು ಕನ್ನಡ ಲಿಪಿಯನ್ನು. ಆದ್ದರಿಂದ ಕಲೆಕ್ಟರ್ ಬೆಟ್ಟ ಹತ್ತಿದಾಗ ಅವನ ಕಿವಿಗೆ ಬಿದ್ದ ಮಾತು ನಿಮಗೂ ಅರ್ಧಕ್ಕರ್ಧ ಅರ್ಥವಾಗುತ್ತಿತ್ತು.

ಈಗ ನನ್ನ ತಕರಾರು. ಸಲಿವನ್ ತೊದವರ ಪರ ನಿಂತವನು, ಬೆಟ್ಟದ ನೆಲವೆಲ್ಲ ಅವರದೇ ಎಂದು ಕಂಪನಿಯ ಜೊತೆ ಗುದ್ದಾಡಿದವನು ಎಂದು ಹೊಗಳುತ್ತಾರೆ. ಅವನು ಕೊಟ್ಟ ಮುಖ್ಯ ಸಾಕ್ಷ್ಯ ಯಾವುದು ಗೊತ್ತೇ? ಬಡಗರು ತೊದವರಿಗೆ ಕೊಡುತ್ತಿದ್ದ ಧಾನ್ಯ. ಅದಕ್ಕೆ 'ಗೂಡು' ಎನ್ನುತ್ತಾರೆ. ಅವನು ಅದನ್ನು ಗೇಣಿ ಎಂದು ಓದಿದ. ಯಾರು ಗೇಣಿ ಪಡೆಯುತ್ತಾರೋ ಅವರೇ ಜಮೀನ್ದಾರರು, ಆದ್ದರಿಂದ ತೊದವರು ಒಡೆಯರು, ಬಡಗರು ಒಕ್ಕಲು. ನಮ್ಮಲ್ಲಿ ಅದು ಗೇಣಿ ಅಲ್ಲ. ತೊದವರು ತುಪ್ಪ ಕೊಡುತ್ತಿದ್ದರು, ಕೋತರು ಮಡಕೆ, ಕಬ್ಬಿಣದ ಸಾಮಾನು ಮಾಡಿ ಕೊಟ್ಟು ಸಾವಿಗೆ, ಹಬ್ಬಕ್ಕೆ ವಾದ್ಯ ಊದುತ್ತಿದ್ದರು, ಕುರುಂಬರು ಕಾಡಿನ ಜೇನು ತರುತ್ತಿದ್ದರು, ನಾವು ಧಾನ್ಯ ಕೊಡುತ್ತಿದ್ದೆವು. ಪರಸ್ಪರ ಕೊಟ್ಟು ತೆಗೆದುಕೊಳ್ಳುವ ಬಾಳ್ವೆ. ಕಂದಾಯದ ಕಣ್ಣಿಗೆ ಎಲ್ಲವೂ ಕಂದಾಯ.

ನೇರಮಾತು:
ಇದನ್ನೇ ನಾನು ಕಾಯುತ್ತಿದ್ದೆ ಅಕ್ಕಾ. ಇದರ ಮೇಲೆ ಇನ್ನೊಂದು ಪ್ರಶ್ನೆ. ತೊದವರೇ ಒಡೆಯರಾದರೆ ಅವರಿಂದ ಕೊಂಡ ನೆಲದ ಹಕ್ಕು ಗಟ್ಟಿ. ಕೊಂಡವರಲ್ಲಿ ಎಲ್ಲರಿಗಿಂತ ಮುಂದೆ ನಿಂತವನು ಯಾರು? ಸ್ವತಃ ಕಲೆಕ್ಟರ್. ಎಕರೆಗೆ ಒಂದು ರೂಪಾಯಿ ಕೊಟ್ಟ ಎಂಬುದು ಜನರ ಬಾಯಲ್ಲಿರುವ ಲೆಕ್ಕ. ಬೆಟ್ಟದಲ್ಲಿ ಅವನಷ್ಟು ನೆಲ ಹಿಡಿದ ಇನ್ನೊಬ್ಬ ಬಿಳಿಯ ಆಗ ಇರಲಿಲ್ಲ. ತೊದವರ ಹಕ್ಕಿನ ವಾದ ಅವನ ಖಾತೆಗೇ ಅನುಕೂಲ.

ಕಡತದ ಹುಳು:
ಈ ಆರೋಪ ನಿಮಗಿಂತ ಮೊದಲು ಮಾಡಿದವರು ಮದ್ರಾಸಿನ ಗವರ್ನರ್ ಲಷಿಂಗ್ಟನ್ ಕಡೆಯವರು. ಮನ್ರೋ 1826ರಲ್ಲಿ ಊಟಿಗೆ ಬಂದು ಮೆಚ್ಚಿಕೊಂಡು ಹೋದ. ಮರುವರ್ಷವೇ ಕಾಲರಾದಿಂದ ಸತ್ತ. ಬಂದವನು ಲಷಿಂಗ್ಟನ್. ಅವನಿಗೂ ಊಟಿ ಬೇಕು, ಸಲಿವನ್ ಬೇಡ. 1828ರಲ್ಲಿ ಊಟಿಯನ್ನು ಸೇನೆಯ ಕೈಗಿಟ್ಟು ಮೇಜರ್ ಕೆಲ್ಸೋನನ್ನು ಕೂರಿಸಿದ. 1830ರಲ್ಲಿ ಬೆಟ್ಟದ ಬಹುಭಾಗವನ್ನು ಕೊಯಮತ್ತೂರಿನಿಂದ ಕಿತ್ತು ಮಲಬಾರ್ ಜಿಲ್ಲೆಗೆ ಸೇರಿಸಿದ. ಕಲೆಕ್ಟರ್ ಕಟ್ಟಿದ ಊರು ಕಲೆಕ್ಟರನ ಜಿಲ್ಲೆಯಲ್ಲೇ ಇಲ್ಲ! ಮರಳಿ ಕೊಯಮತ್ತೂರಿಗೆ ಬಂದದ್ದು 1843ರಲ್ಲಿ, ನೀಲಗಿರಿ ತನ್ನದೇ ಕಮಿಷನರನ್ನು ಪಡೆದದ್ದು 1868ರಲ್ಲಿ. ನೀವು ನೋಡಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ 1829ರಲ್ಲಿ ಅಡಿಗಲ್ಲು ಬಿದ್ದದ್ದೂ ಲಷಿಂಗ್ಟನ್ ಕಾಲದಲ್ಲೇ. ಅವನ ಪೂರ್ತಿ ಹೆಸರು ಸ್ಟೀಫನ್ ರಂಬೋಲ್ಡ್ ಲಷಿಂಗ್ಟನ್. ಸಂತನ ಹೆಸರು ಯಾರ ನೆನಪಿಗೆ ಇಟ್ಟದ್ದೋ ನೀವೇ ಊಹಿಸಿ.

ಆದರೂ ಸಲಿವನ್ನನದು ಬರೀ ನೆಲದಾಸೆ ಎಂದು ನಾನು ಒಪ್ಪುವುದಿಲ್ಲ. ಬೆಟ್ಟದಲ್ಲಿ ಒಂದಡಿ ನೆಲವೂ ಬೇಕಿಲ್ಲದ ವಯಸ್ಸಿನಲ್ಲಿ, ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ ಮೇಲೂ ಅವನು ಅದೇ ಧಾಟಿಯಲ್ಲಿ ಮಾತಾಡಿದ. ಡಾಲ್‌ಹೌಸಿ ಒಂದೊಂದೇ ಸಂಸ್ಥಾನವನ್ನು ನುಂಗುತ್ತಿದ್ದಾಗ, 1853ರಲ್ಲಿ, ಅರಸರ ಜೊತೆಗಿನ ಒಪ್ಪಂದಗಳನ್ನು ಮುರಿಯಬಾರದೆಂದು ಅಲ್ಲಿ ಬರೆದು ಅಚ್ಚು ಹಾಕಿಸಿದ. ನಮ್ಮ ಆಡಳಿತ ಗಂಗೆಯ ದಡದ ಒಳ್ಳೆಯದನ್ನೆಲ್ಲ ಹೀರಿ ಥೇಮ್ಸ್ ದಡದಲ್ಲಿ ಹಿಂಡುವ ಸ್ಪಂಜಿನಂತೆ ಇದೆ ಎಂಬ ಮಾತು ಕೇಳಿರುತ್ತೀರಿ. ಅದು ಇವನದೇ, ಮದ್ರಾಸಿನ ಕಂದಾಯ ಮಂಡಳಿಯ ಅಧ್ಯಕ್ಷನಾಗಿದ್ದವನ ಬಾಯಿಂದ ಬಂದದ್ದು.

ನೇರಮಾತು:
ಸ್ಪಂಜು ಹಿಡಿದ ಕೈಗಳಲ್ಲಿ ಅವನದೂ ಒಂದು. ಅದನ್ನೂ ಬರೆಯಿರಿ.

ಕಡತದ ಹುಳು:
ಬರೆದೆ.

ಮಾದಪ್ಪನ ಒಕ್ಕಲು:
ಲಷಿಂಗ್ಟನ್ ಹೆಸರಿನ ಸೇತುವೆ ನಮ್ಮ ಶಿವನಸಮುದ್ರದಲ್ಲಿದೆ. ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರರು, ಹೆಸರು ಗವರ್ನರನದು. ಒಬ್ಬನ ದುಡಿಮೆ, ಇನ್ನೊಬ್ಬನ ನಾಮಫಲಕ. ಈಗಿನ ಬಸ್ ನಿಲ್ದಾಣಗಳ ಹಾಗೆ.

ಕಪಿಲಾತೀರ:
ಮಾವನವರಿಗೆ ಎಲ್ಲವನ್ನೂ ಓದಿ ಹೇಳಿದೆ. 1782 ಮತ್ತು 1788ರ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಹೆಸರು ಒಂದೇ ಎಂದು ನಾನು ಹೇಳಿದ್ದು" ಎಂದರು. ಅವರ ದೂರು ಇನ್ನೊಂದಿದೆ: ಸತ್ತ ಅಧಿಕಾರಿಯನ್ನು ಎಲ್ಲರೂ ಏಕವಚನದಲ್ಲಿ ಕರೆಯುತ್ತಿದ್ದೀರಂತೆ. ಹೆಂಡತಿ ಮಕ್ಕಳ ವಿಷಯ ಯಾರೂ ಹೇಳಲಿಲ್ಲ.

ಕಡತದ ಹುಳು:
ಪುಣಿಸನಿಗೂ ಏಕವಚನವೇ ಸಲ್ಲಿದೆ, ಮೇಷ್ಟರಿಗೆ ತಿಳಿಸಿ. ಸಂಸಾರದ ವಿಷಯಕ್ಕೆ ಬರುತ್ತೇನೆ.

ಅವನು ಮದ್ರಾಸಿನಲ್ಲಿ ಹೆನ್ರಿಯೆಟ್ಟಾ ಸೆಸಿಲಿಯಾ ಹ್ಯಾರಿಂಗ್ಟನ್ ಎಂಬ ಹುಡುಗಿಯನ್ನು ಮದುವೆಯಾದದ್ದು 1820ರ ಫೆಬ್ರವರಿಯಲ್ಲಿ. ಆಗ ಬೆಟ್ಟಕ್ಕೆ ಸರಿಯಾದ ದಾರಿ ಕೂಡ ಇರಲಿಲ್ಲ. ಕಲ್ ಬಂಗಲೆ ಮುಗಿದ 1823ರಲ್ಲಿ ಅವಳು ಅಲ್ಲಿಗೆ ಬಂದಳು. ಊಟಿಯಲ್ಲಿ ಸಂಸಾರ ಹೂಡಿದ ಮೊದಲ ಯೂರೋಪಿಯನ್ ಹೆಂಗಸು. ಸುತ್ತ ಬಂಗಲೆಗಳಿಲ್ಲ, ಚರ್ಚಿಲ್ಲ, ಕೆರೆ ಇಲ್ಲ. ಮಂದಿನಿಂದ ಎಮ್ಮೆಗಳ ಕೂಗು, ಜೂನ್ ಬಂದರೆ ತಿಂಗಳುಗಟ್ಟಲೆ ಮಂಜು. ಆ ಮನೆಯಲ್ಲಿ ಮಕ್ಕಳು ಬೆಳೆದವು.

1830ರಲ್ಲಿ ಜಗಳ ಸೋತು ಸಂಸಾರದೊಂದಿಗೆ ಇಂಗ್ಲೆಂಡಿಗೆ ಹೋದ ಸಲಿವನ್, ಕೆಲವು ವರ್ಷದ ಮೇಲೆ ದೊಡ್ಡ ಹುದ್ದೆಗೆ ಮರಳಿದ. ಕಂದಾಯ ಮಂಡಳಿ, ನಂತರ ಗವರ್ನರನ ಕೌನ್ಸಿಲ್. ಲಷಿಂಗ್ಟನ್ ಹೋಗಿಯಾಗಿತ್ತು. ಗೆದ್ದು ಬಂದಂತೆಯೇ. ಆದರೆ 1838ರಲ್ಲಿ ಅದೇ ಊಟಿಯಲ್ಲಿ ಹೆನ್ರಿಯೆಟ್ಟಾ ತೀರಿಕೊಂಡಳು, ಮಗಳು ಹ್ಯಾರಿಯೆಟ್ಟಳೂ ಅದೇ ವರ್ಷ. ಜ್ವರದ ಸೀಮೆಯಿಂದ ಜನರನ್ನು ಉಳಿಸಲು ಈ ಗಾಳಿ ಸಾಕು ಎಂದು ಇಪ್ಪತ್ತು ವರ್ಷ ಮದ್ರಾಸಿಗೆ ಬರೆಯುತ್ತಾ ಬಂದವನು. ಇಬ್ಬರನ್ನೂ ಮಣ್ಣು ಮಾಡಿದ್ದು ಲಷಿಂಗ್ಟನ್ ಕಾಲದ ಆ ಚರ್ಚಿನ ಗುಡ್ಡದಲ್ಲಿ. 1841ರಲ್ಲಿ ಕೆಲಸ ಬಿಟ್ಟು ಹೋದ.

ಮಗ ಹೆನ್ರಿ ಎಡ್ವರ್ಡ್ ಸಲಿವನ್ ಮಾತ್ರ ಅಪ್ಪನ ದಾರಿ ಹಿಡಿದ. ಮದ್ರಾಸ್ ಸಿವಿಲ್ ಸೇವೆಗೆ ಸೇರಿ, ಕೊಯಮತ್ತೂರಿನಲ್ಲಿ ಅಪ್ಪ ಕುಳಿತ ಕುರ್ಚಿಯಲ್ಲೇ ಕಲೆಕ್ಟರ್ ಆಗಿ ಕುಳಿತ, ಅಪ್ಪನಂತೆಯೇ ಮುಂದೆ ಗವರ್ನರನ ಕೌನ್ಸಿಲ್ ಮುಟ್ಟಿದ. ಒಕ್ಕಲು ಅವರೇ, ನಿಮ್ಮ ಕೊಳ್ಳೇಗಾಲಕ್ಕೆ ಎರಡು ತಲೆಮಾರು ಸಲಿವನ್ನರು.

ಹಟ್ಟಿಯವಳು:
ಗಂಡನ ಗೋರಿ ಇಂಗ್ಲೆಂಡಿನಲ್ಲಿದೆ. ಅವನು 1855ರ ಜನವರಿ 16ರಂದು ತೀರಿಕೊಂಡ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೆಚ್ಚು ದೂರವಿಲ್ಲದ ಅಪ್ಟನ್ ಎಂಬಲ್ಲಿ ಸೇಂಟ್ ಲಾರೆನ್ಸ್ ಚರ್ಚಿನ ಆವರಣದಲ್ಲಿ ಸಮಾಧಿ. ಬಹುಕಾಲ ಯಾರ ಗಮನಕ್ಕೂ ಬಾರದೆ ಇತ್ತು, ನೀಲಗಿರಿಯ ದಾಖಲೆ ಕೂಡಿಡುವವರ ಪ್ರಯತ್ನದಿಂದ ಇತ್ತೀಚೆಗೆ ಪತ್ತೆಯಾಯಿತು. ಯುರೇನಸ್ ಗ್ರಹ ಕಂಡ ವಿಲಿಯಂ ಹರ್ಷೆಲ್‌ನ ಸಮಾಧಿಯೂ ಅದೇ ಚರ್ಚಿನಲ್ಲಿ.

ಗೂಡಿನ ವಿಷಯದಲ್ಲಿ ನನ್ನ ಸಿಟ್ಟು ಹಾಗೆಯೇ ಇದೆ. ಆದರೆ ನಮ್ಮ ಅಪ್ಪ ಆಲೂಗಡ್ಡೆ ಬೆಳೆದೇ ನನ್ನನ್ನು ಓದಿಸಿದ್ದು. ಕನ್ನೇರಿಮುಕ್ಕಿನ ಬಂಗಲೆಯ ಮುಂದೆ ನಿಂತಾಗ ಎರಡೂ ಒಟ್ಟಿಗೆ ನೆನಪಾಗುತ್ತವೆ. ಕಪಿಲಾತೀರ ಅವರೇ, ಮುಂದಿನ ಸಲ ಮಾವನವರನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಊಟಿಯಿಂದ ಕೋಟಗಿರಿಗೆ ಸುಮಾರು ಮೂವತ್ತು ಕಿಲೋಮೀಟರ್, ಕೋಟಗಿರಿಯಿಂದ ಬಂಗಲೆ ಎರಡು ಹೆಜ್ಜೆ. ಅಲ್ಲಿ ಹಟ್ಟಿಯ ಹಿರಿಯರ ಜೊತೆ ಅವರು ಕನ್ನಡದಲ್ಲಿ ಮಾತಾಡಲಿ, ನಮ್ಮವರು ಬಡಗದಲ್ಲಿ ಉತ್ತರಿಸುತ್ತಾರೆ. ನಡುವೆ ಷ್ವಾರ್ಟ್ಸ್ ಪಾದ್ರಿಯಂಥವರು ಬೇಕಾಗುವುದಿಲ್ಲ.

ಕಪಿಲಾತೀರ:
ಓದಿದ ಕೂಡಲೇ ಮಾವನವರು ಕ್ಯಾಲೆಂಡರ್ ತೆಗೆದರು. ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಆರಕ್ಕೇ ಅಲ್ಲಿರಬೇಕು ಎಂದು ಈಗಲೇ ಆಜ್ಞೆಯಾಗಿದೆ.